ಮುಚ್ಚಳಿಕೆ ಬರೆಸಿಕೊಂಡರೆ ಮುಗಿಯುವುದಿಲ್ಲ

ಮಂಗಳೂರು, ಉಡುಪಿ ಕಡೆಯ ಟ್ರಸ್ಟ್‌ಗಳಿಗೆ ಕಾನೂನು ಸಲಹೆ ಕೊಡುವುದು ನನ್ನ ಕೆಲಸ. ಮಕ್ಕಳ ರಕ್ಷಣಾ ನೀತಿ ಈಗ ಹೆಚ್ಚಿನವರ ಕಪಾಟಿನಲ್ಲಿ ಉಂಟು. ಅನುದಾನ ಕೊಡುವವರು ಕೇಳುತ್ತಾರೆ, ಇವರು ಪ್ರಿಂಟ್ ತೆಗೆದು ಸೀಲ್ ಹಾಕಿ ಇಡುತ್ತಾರೆ. ಇರಲಿ. ನನಗೆ ತಲೆ ಕೆಡುವುದು ದೂರು ಬಂದ ದಿನ. "ಮೇಡಂ, ಮೊದಲು ನಾವೇ ವಿಚಾರಣೆ ಮಾಡ್ತೇವೆ. ನಿಜ ಅಂತಾದರೆ ಪೊಲೀಸರಿಗೆ ಹೇಳುವ, ಆಗದಾ?"

ಆಗದು.

18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಠಾಣೆಗೆ ತಿಳಿಸಲೇಬೇಕು. ಆಗಬಹುದು ಎಂಬ ಆತಂಕ ಇದ್ದರೂ ಸಾಕು. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಇದನ್ನೇ ಹೇಳುವುದು. ನಿಜವೋ ಸುಳ್ಳೋ ನೋಡುವುದು ಟ್ರಸ್ಟಿನ ಕೆಲಸವೇ ಅಲ್ಲ. ಕೈಕೆಳಗಿನವರು ಮಾಡಿದ್ದನ್ನು ತಿಳಿಸದೆ ಕೂತ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಒಳ್ಳೆ ಮನಸ್ಸಿನಿಂದ ತಿಳಿಸಿದವರಿಗೆ ಮಾತ್ರ ಕಾನೂನಿನ ರಕ್ಷಣೆ ಉಂಟು.

ಒಂದು ಕಡೆ (ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ) ನಾನು ಹೋಗುವಾಗ ಪಂಚಾಯಿತಿಕೆ ಮುಗಿದಿತ್ತು. ಹುಡುಗಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಆರೋಪ ಬಂದ ಸ್ವಯಂಸೇವಕನ ಎದುರೇ ಎಲ್ಲ ಹೇಳಿಸಿದ್ದರು. ಟ್ರಸ್ಟಿನ ಲೆಟರ್‌ಹೆಡ್‌ನಲ್ಲಿ ಅವನಿಂದ ಮುಚ್ಚಳಿಕೆ: "ಇನ್ನು ಮುಂದೆ ಹೀಗೆ ಮಾಡುವುದಿಲ್ಲ." ಮೇಜಿನ ಮೇಲೆ ಗೋಳಿಬಜೆ, ಚಾ. "ಹುಡುಗಿಯ ಭವಿಷ್ಯ ನೋಡಬೇಕಲ್ವಾ ಮಾರಾಯ್ರೆ," ಅಂದರು ಅಧ್ಯಕ್ಷರು. ಕೆಟ್ಟ ಮನುಷ್ಯ ಅಲ್ಲ. ಮಕ್ಕಳ ಫೀಸಿಗೆ ಕೈಯಿಂದ ದುಡ್ಡು ಹಾಕುವವರು. ಸಿಟ್ಟು ಬಂದದ್ದೂ ಅದಕ್ಕೇ.

ಇನ್ನು ಕೆಲವರು, "ನಮ್ಮಲ್ಲಿ ಆಂತರಿಕ ಸಮಿತಿ ಉಂಟಲ್ಲ" ಅನ್ನುತ್ತಾರೆ. ಅದು 2013ರ ಕಾಯ್ದೆಯದ್ದು, ಕೆಲಸದ ಜಾಗದಲ್ಲಿ ಮಹಿಳೆಯರಿಗಾಗುವ ಲೈಂಗಿಕ ಕಿರುಕುಳಕ್ಕೆ. ಅಲ್ಲಿ ದೂರು ಕೊಡುವುದು ಬಿಡುವುದು ಆಕೆಯ ಇಷ್ಟ. ಮಗುವಿನ ವಿಷಯದಲ್ಲಿ ಆ ಆಯ್ಕೆ ನಿಮಗಿಲ್ಲ. ಅಪ್ಪ ಅಮ್ಮ ಬೇಡ ಅಂದರೂ ನಿಮ್ಮ ಹೊಣೆ ತಪ್ಪುವುದಿಲ್ಲ.

ಅಪ್ಪ ಅಮ್ಮ ಬೇಡ ಅನ್ನುವುದು ಹೆಚ್ಚಾಗಿ ಠಾಣೆಯ ಹೆದರಿಕೆಗೆ. ಅವರಿಗೆ ಇದನ್ನು ಹೇಳಿ: ಮಗುವಿನ ಹೇಳಿಕೆಯನ್ನು ಮನೆಯಲ್ಲೇ ತೆಗೆದುಕೊಳ್ಳಬಹುದು. ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ ಬರಬೇಕು, ಯೂನಿಫಾರ್ಮ್ ಹಾಕುವಂತಿಲ್ಲ. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಸರು, ಫೋಟೊ ಪೇಪರಿಗೆ ಹೋಗುವಂತಿಲ್ಲ. ಎಲ್ಲ ಕಡೆ ಹೀಗೇ ನಡೆಯುತ್ತದೆ ಅಂತ ನಾನು ಗ್ಯಾರಂಟಿ ಕೊಡಲಾರೆ. ಆದರೆ ಕೇಳುವ ಹಕ್ಕು ಉಂಟು, ಜೊತೆಗೆ ಹೋಗಿ ಕೇಳಿ.

ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿ. ಆದರೆ ಫೋನ್ ಮಾಡಿದೆವಲ್ಲ ಅಂತ ಠಾಣೆಗೆ ತಿಳಿಸುವುದನ್ನು ಬಿಡಬೇಡಿ. ಆರೋಪ ಬಂದವನನ್ನು ಅವತ್ತೇ ಮಕ್ಕಳಿಂದ ದೂರ ಇಡಿ, ಆದರೆ ಕರೆದು ಪ್ರಶ್ನೆ ಕೇಳಲು ಹೋಗಬೇಡಿ. ಫೋನಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿಬಿಡುತ್ತಾನೆ. ಮಗುವನ್ನೂ ಮತ್ತೆ ಮತ್ತೆ ಕೆದಕಬೇಡಿ. ಅದು ಹೇಳಿದ್ದನ್ನು ಹೇಳಿದ ಹಾಗೇ ಬರೆದು, ತಾರೀಕು, ಹೊತ್ತು ಹಾಕಿ, ಸಹಿ ಮಾಡಿ. ತುಳುವಿನಲ್ಲಿ ಹೇಳಿದ್ದರೆ ತುಳುವಿನಲ್ಲೇ ಬರೆಯಿರಿ, ಶುದ್ಧ ಕನ್ನಡ ಮಾಡಲು ಹೋಗಬೇಡಿ.