ಮಟ್ಕಾದಲ್ಲಿ ಯಾವ ನಂಬರಿಗೂ ಬಾಕಿ ಇರಲ್ಲ

‘ಹತ್ತು ಸಲದಿಂದ ಏಳು ಬಿದ್ದಿಲ್ಲ, ಇವತ್ತು ಬಿದ್ದೇ ಬೀಳುತ್ತೆ.’ ಮುಂಬೈಯಲ್ಲಿ ಮಟ್ಕಾ ಅನ್ನೋ ನಂಬರ್ ಜೂಜು ಆಡುವವರ ನಂಬಿಕೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಹಳೆ ನಂಬರುಗಳ ಚಾರ್ಟ್ ಇಟ್ಟುಕೊಂಡು ಲೆಕ್ಕ ಹಾಕುವವರು ಈಗಲೂ ಇದ್ದಾರೆ.

ಮೊದಲು ಇದು ಹತ್ತಿ ದರದ ಜೂಜು. ನ್ಯೂಯಾರ್ಕ್ ಹತ್ತಿ ಪೇಟೆಯ ಓಪನಿಂಗ್, ಕ್ಲೋಸಿಂಗ್ ದರ ಟೆಲಿಪ್ರಿಂಟರಿನಲ್ಲಿ ಇಲ್ಲಿಗೆ ಬರುತ್ತಿತ್ತು, ಜನ ಆ ಅಂಕಿಗಳ ಮೇಲೆ ದುಡ್ಡು ಕಟ್ಟುತ್ತಿದ್ದರು. ಕರ್ನಾಟಕದ ನಮ್ಮೂರುಗಳಲ್ಲಿ ನಾವು ಓಸಿ ಅನ್ನೋದು ಇದನ್ನೇ. 1960ರ ದಶಕದ ಶುರುವಿನಲ್ಲಿ ದರ ಬರೋದು ನಿಂತಿತು, ಜೂಜು ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣಜಿ ಭಗತ್, 1964ರಲ್ಲಿ ರತನ್ ಖತ್ರಿ ತಮ್ಮದೇ ಮಟ್ಕಾ ಶುರು ಮಾಡಿದರು. ಮಡಕೆಯಿಂದ ಚೀಟಿ ಎತ್ತುತ್ತಿದ್ದದ್ದು ಆಮೇಲೆ ಇಸ್ಪೀಟಿಗೆ ಬಂತು. ಎಕ್ಕದಿಂದ ಹತ್ತರವರೆಗಿನ ಎಲೆಗಳಲ್ಲಿ ಮೂರು ತೆಗೆಯುವುದು, ಕೂಡಿಸುವುದು, ಕೊನೆಯ ಅಂಕಿ ಹಿಡಿಯುವುದು. 3, 6, 8 ಬಂದರೆ ಮೊತ್ತ 17, ನಂಬರ್ 7.

ಮೂರು ಎಲೆ ಕೂಡಿಸುವುದರಿಂದ ಕೆಲವು ಅಂಕಿ ಜಾಸ್ತಿ ಬರಬಹುದು ಅನ್ನಿಸುತ್ತೆ, ಅಲ್ವಾ? ಇಲ್ಲ. 27ಕ್ಕಿಂತ 15, 16ರಂಥ ಮೊತ್ತ ಹೆಚ್ಚು ಸಲ ಬರುವುದು ನಿಜ, ಆದರೆ ಕೊನೆಯ ಅಂಕಿ ಮಾತ್ರ ಹಿಡಿದಾಗ 0ಯಿಂದ 9ರವರೆಗೆ ಎಲ್ಲದಕ್ಕೂ ಸರಿಸಮ ಅವಕಾಶ, ಎಲೆ ತೆಗೆಯುವವನು ಕೈಚಳಕ ತೋರಿಸದಿದ್ದರೆ. ಅಂದರೆ ಹತ್ತರಲ್ಲಿ ಒಂದು.

ಈಗ ಆ ಏಳಕ್ಕೆ ಬರೋಣ. ಒಂದು ಸಲ ಏಳು ಬೀಳದಿರುವ ಸಂಭವ 0.9. ಹತ್ತು ಸಲವೂ ಬೀಳದಿರಬೇಕಾದರೆ 0.9ನ್ನು ಹತ್ತು ಸಲ ಗುಣಿಸಬೇಕು, ಸುಮಾರು 0.35 ಬರುತ್ತೆ. ನೂರಕ್ಕೆ 35! ಇದರಲ್ಲಿ ಅಚ್ಚರಿ ಏನೂ ಇಲ್ಲ. ಹನ್ನೊಂದನೇ ಸಲಕ್ಕೂ ಏಳಿನ ಅವಕಾಶ ಹತ್ತರಲ್ಲಿ ಒಂದೇ, ಯಾಕೆಂದರೆ ನಿನ್ನೆ ಏನು ಬಿತ್ತು ಅಂತ ಎಲೆಗಳಿಗೆ ಗೊತ್ತಿರಲ್ಲ.

ಈ ಲೆಕ್ಕ ಹೊಸದಲ್ಲ. 1654ರಲ್ಲೇ ಫ್ರಾನ್ಸಿನ ಗಣಿತಜ್ಞರಾದ ಪ್ಯಾಸ್ಕಲ್ ಮತ್ತು ಫರ್ಮಾ ಜೂಜಿನ ಪ್ರಶ್ನೆಗಳ ಬಗ್ಗೆ ಪತ್ರ ಬರೆದುಕೊಂಡು ಇದರ ಬುನಾದಿ ಹಾಕಿದ್ದರು.

ನನಗೆ ಸಿಟ್ಟು ಬರುವುದು ದುಡ್ಡಿನ ಲೆಕ್ಕ ನೋಡಿದಾಗ. ಗೆದ್ದರೆ ಸಾಮಾನ್ಯವಾಗಿ ಒಂದಕ್ಕೆ ಒಂಬತ್ತು ಕೊಡುತ್ತಾರೆ. ಹತ್ತೂ ಅಂಕಿಗೆ ಹತ್ತತ್ತು ರೂಪಾಯಿ ಕಟ್ಟಿ ನೋಡಿ: 100 ಹೋಯ್ತು, 90 ಬಂತು. ಗೆಲ್ಲೋದು ಖಾತ್ರಿ ಇದ್ದಾಗಲೂ ಹತ್ತು ರೂಪಾಯಿ ಕೈಬಿಟ್ಟಿತು. ಹಗಲು ಹೋಟೆಲಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗೆ ಬಂದು ಕೂರುವ ಹುಡುಗರು ಎಷ್ಟೋ ಕಾಲದಿಂದ ಈ ಊರಲ್ಲಿದ್ದಾರೆ. ಹತ್ತನೇ ತರಗತಿಯ ಸಂಭವನೀಯತೆ ಪಾಠದಲ್ಲಿ ನಾಣ್ಯ, ದಾಳದ ಜೊತೆ ಈ ಲೆಕ್ಕವನ್ನೂ ಅವರಿಗೆ ಹೇಳಿಕೊಡಬೇಕು, ದುಡಿದ ಸಂಬಳ ಮಟ್ಕಾಗೆ ಹೋಗುವ ಮೊದಲೇ.