ತಿರುಗುವ ಕಾಗುಣಿತ

ಬೆಂಕಿಕಡ್ಡಿಯೊಂದನ್ನು ನಡುವೆ ಅರ್ಧ ಮುರಿದು, ಬಾಗಿದ ಹಾಗೆಯೇ ಮೇಜಿನ ಮೇಲಿಡಿ. ಮೊನೆ ಮೇಲಕ್ಕಿದ್ದರೆ ಅದು ‘ಪಿ’. ಬಲಕ್ಕೆ ತಿರುಗಿಸಿದರೆ ‘ಪು’. ಎಡಕ್ಕೆ ತಿರುಗಿಸಿದರೆ ‘ಪ’. ಕೆನಡಾದ ಉತ್ತರದ ಇನುಯಿಟ್ ಜನರ ಕಾಗುಣಿತ ಇದು. ನಾವು ಪಕಾರಕ್ಕೆ ಗುಡಿಸು, ಕೊಂಬು ಹಚ್ಚುತ್ತೇವೆ. ಅವರು ಪಕಾರವನ್ನೇ ತಿರುಗಿಸಿಬಿಡುತ್ತಾರೆ. ಮೊದಲ ಬಾರಿ ಇದನ್ನು ಅರಿತ ದಿನ ನಾನು ಸಂಜೆಯವರೆಗೂ ಕಾಗದದ ಮೇಲೆ ಅದನ್ನೇ ಗೀಚುತ್ತ ಕುಳಿತಿದ್ದೆ.

ಈ ಲಿಪಿ ಮೊದಲು ಅಚ್ಚಾದದ್ದು 1840ರಲ್ಲಿ, ಕೆನಡಾದಲ್ಲೇ ಇರುವ ನಾರ್ವೆ ಹೌಸ್ ಎಂಬಲ್ಲಿ, ಅಲ್ಲಿನ ಇನ್ನೊಂದು ಮೂಲನಿವಾಸಿ ಜನರ ಕ್ರೀ ಭಾಷೆಗಾಗಿ. ಜೇಮ್ಸ್ ಇವಾನ್ಸ್ ಎಂಬ ಪಾದ್ರಿ ಚಹಾ ಪೆಟ್ಟಿಗೆಗಳ ಒಳಗಿನ ಸೀಸದ ತಗಡನ್ನು ಕರಗಿಸಿ ಅಚ್ಚುಮೊಳೆ ಎರಕ ಹೊಯ್ದರು. ಲಿಪಿಯನ್ನು ರೂಪಿಸಿದವರು ಅವರೇ ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಈ ಅಕ್ಷರಗಳು ತಮ್ಮವನೇ ಆದ ಮಿಸ್ತನಸ್ಕೊವೇವ್‌ಗೆ ಒಲಿದು ಬಂದವು ಎನ್ನುತ್ತದೆ ಕ್ರೀ ಜನರ ಬಾಯಿಮಾತಿನ ಪರಂಪರೆ. ಮುಂದೆ ಪಾದ್ರಿಗಳ ಮೂಲಕವೇ ಲಿಪಿ ಇನುಯಿಟ್ ಜನರನ್ನು ತಲುಪಿತು.

ಹಾಗಾದರೆ ಕಂಪ್ಯೂಟರಿಗೆ ಒಂದೇ ಆಕಾರ ಕೊಟ್ಟು ‘ತಿರುಗಿಸು’ ಎಂದರೆ ಸಾಲದೇ? ಹಲವರು ಹೀಗೆ ಕೇಳುತ್ತಾರೆ. ಕಂಪ್ಯೂಟರ್ ಅಕ್ಷರದ ಚಿತ್ರವನ್ನು ನೆನಪಿಟ್ಟುಕೊಳ್ಳುತ್ತದೆ ಎಂಬ ತಪ್ಪು ನಂಬಿಕೆ ಈ ಪ್ರಶ್ನೆಯ ಬೇರಿನಲ್ಲಿದೆ. ಅದು ನೆನಪಿಡುವುದು ಒಂದು ಸಂಖ್ಯೆಯನ್ನು ಮಾತ್ರ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಪಿ 1431, ಪು 1433, ಪ 1438. ಅವಳಿ ಮಕ್ಕಳ ಮುಖ ಒಂದೇ ಆದರೂ ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಬೇರೆ ಸಂಖ್ಯೆ ಇರುತ್ತದಲ್ಲವೇ? ಹಾಗೆ. ಆ ಸಂಖ್ಯೆಗೆ ರೂಪ ತೊಡಿಸುವ ದರ್ಜಿ ಫಾಂಟ್. ಹುಡುಕುವಾಗ, ಅಕಾರಾದಿಯಾಗಿ ಜೋಡಿಸುವಾಗ ಯಂತ್ರ ನೋಡುವುದು ಸಂಖ್ಯೆಯನ್ನು, ಅಂಗಿಯನ್ನಲ್ಲ. ಮೇಲಾಗಿ ಎಲ್ಲ ಅಕ್ಷರಗಳೂ ಪಕಾರದಂತೆ ತಿರುಗುವುದಿಲ್ಲ. ಕಕಾರದಂಥವು ಕನ್ನಡಿಯಲ್ಲಿ ಕಂಡಂತೆ ಮಗುಚುತ್ತವೆ.

ನಮ್ಮ ದಾರಿ ಬೇರೆ. ‘ಪಿ’ ಎಂದು ಕನ್ನಡದಲ್ಲಿ ಬರೆದರೆ ಎರಡು ಸಂಖ್ಯೆಗಳು: ಪಕಾರ ಒಂದು, ಗುಡಿಸು ಇನ್ನೊಂದು. ‘ಇನುಕ್ಟಿಟುಟ್’ ಎಂಬ ಅವರ ಭಾಷೆಯ ಹೆಸರನ್ನೇ ನೋಡಿ. ಇ, ನು, ಕ್, ಟಿ, ಟು, ಟ್: ಅವರ ಲಿಪಿಯಲ್ಲಿ ಆರು ಅಕ್ಷರ, ಆರೇ ಸಂಖ್ಯೆ. ಕನ್ನಡದಲ್ಲಿ ಸ್ವರಚಿಹ್ನೆ, ಹಲಂತ ಚಿಹ್ನೆಗಳೆಲ್ಲ ಸೇರಿ ಹನ್ನೊಂದು! ಅವರ ಕ್ ಮತ್ತು ಟ್ ನಮ್ಮ ಒತ್ತಕ್ಷರದಂತೆ ಕಿರಿದಾಗಿರುತ್ತವೆ, ಆದರೆ ಕೆಳಗೆ ಇಳಿಯದೆ ಮೇಲೆ ಕೂರುತ್ತವೆ.

ಪಟ್ಟಿಯಲ್ಲಿ ಸಂಖ್ಯೆ ಸಿಗುವ ಮುನ್ನ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಈ ಅಕ್ಷರಗಳನ್ನು ಕೂರಿಸಿದ ಫಾಂಟುಗಳಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಳೆಯ ಕನ್ನಡ ಕಡತ ತೆರೆದವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. 1999ರ ಏಪ್ರಿಲ್‌ನಲ್ಲಿ ಕೆನಡಾದ ಉತ್ತರದಲ್ಲಿ ಇನುಯಿಟ್ ಜನರೇ ಹೆಚ್ಚಾಗಿರುವ ನುನಾವುಟ್ ಪ್ರದೇಶ ಹುಟ್ಟಿತು. ಅದೇ ವರ್ಷ ಯೂನಿಕೋಡ್‌ನ ಮೂರನೆಯ ಆವೃತ್ತಿಯಲ್ಲಿ ಕೆನಡಾದ ಮೂಲನಿವಾಸಿಗಳ 600ಕ್ಕೂ ಹೆಚ್ಚು ಅಕ್ಷರಗಳು ಒಟ್ಟಿಗೆ ಸೇರಿದವು. ಆದರೂ ಇನುಯಿಟ್ ಜನರ ನತ್ತಿಲಿಕ್ ಉಪಭಾಷೆಗೆ ಬೇಕಾದ ಕೆಲವು ಅಕ್ಷರಗಳು ಉಳಿದೇಹೋದವು. ಅವು ಬಂದದ್ದು 2021ರಲ್ಲಿ. ಅಲ್ಲಿಯವರೆಗೆ, ಅಂದರೆ ಇಪ್ಪತ್ತೆರಡು ವರ್ಷ, ಆ ಜನ ತಮ್ಮ ಮಾತನ್ನು ಪರದೆಯ ಮೇಲೆ ಸರಿಯಾಗಿ ಬರೆಯಲಾಗಲಿಲ್ಲ. ಇದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಯಂತ್ರಕ್ಕೆ ಹಿಡಿಸಲಿಲ್ಲವೆಂದು ಅಕ್ಷರ ಕಳೆದುಕೊಂಡದ್ದು ಅದೇ ಮೊದಲೂ ಅಲ್ಲ. 1976ರಲ್ಲಿ ಇನುಕ್ಟಿಟುಟ್ ಬರಹವನ್ನು ಏಕರೂಪಗೊಳಿಸಿದಾಗ ಐ, ಪೈ, ಟೈ ಎಂಬ ಇಡೀ ಸಾಲನ್ನು ಕೈಬಿಡಲಾಯಿತು. ಬೆರಳಚ್ಚು ಯಂತ್ರದಲ್ಲಿ ಅಷ್ಟೊಂದು ಅಕ್ಷರಗಳಿಗೆ ಜಾಗವಿರಲಿಲ್ಲ ಎಂಬುದು ಅದಕ್ಕೆ ಮುಖ್ಯ ಕಾರಣ. ಕ್ವಿಬೆಕ್‌ನ ಉತ್ತರದ ನುನಾವಿಕ್‌ನಲ್ಲಿ ಆ ಸಾಲನ್ನು ಮರಳಿ ಬಳಕೆಗೆ ತರುವ ಪ್ರಯತ್ನ ನಡೆದಿದೆ. ಯೂನಿಕೋಡ್ ಪಟ್ಟಿಯಲ್ಲಿ ಈ ಲಿಪಿಯ ಮೊಟ್ಟಮೊದಲ ಅಕ್ಷರ 1401: ಮೊನೆ ಕೆಳಗಿರುವ ತ್ರಿಕೋನ. ಕ್ರೀ ಜನ ಅದನ್ನು ‘ಏ’ ಎಂದು ಓದುತ್ತಾರೆ. ಇನುಕ್ಟಿಟುಟ್‌ನಲ್ಲಿ ಅದು, ಬೆರಳಚ್ಚು ಯಂತ್ರದಲ್ಲಿ ಜಾಗ ಸಿಗದ ಅದೇ ‘ಐ’.