381654729: ಇಂಥ ಸಂಖ್ಯೆ ಇದೊಂದೇ ಯಾಕೆ?

ಪ್ರಶ್ನೆ: 381654729ರಲ್ಲಿ 1ರಿಂದ 9ರವರೆಗಿನ ಅಂಕಿಗಳೆಲ್ಲ ಒಂದೊಂದೇ ಸಲ ಬಂದಿವೆ. ಎಡಗಡೆಯಿಂದ ಎಷ್ಟು ಅಂಕಿ ತೆಗೆದುಕೊಂಡರೆ ಅಷ್ಟರಿಂದಲೇ ಭಾಗ ಹೋಗುತ್ತದೆ. ಇಂಥದ್ದು ಇನ್ನೊಂದಿಲ್ಲ ಅಂತಾರೆ. ಕಂಪ್ಯೂಟರ್ ಇಲ್ಲದೆ ಅದನ್ನು ತೋರಿಸೋಕೆ ಆಗುತ್ತಾ?

ಉತ್ತರ: ಆಗುತ್ತದೆ. ಪೆನ್ಸಿಲ್, ಹಾಳೆ ಸಾಕು.

ಮೊದಲು ಸಂಖ್ಯೆಯನ್ನೇ ನೋಡೋಣ. 38 ಎರಡರಿಂದ ಭಾಗ ಹೋಗುತ್ತದೆ, 381 ಮೂರರಿಂದ, 3816 ನಾಲ್ಕರಿಂದ. ಹೀಗೇ ಕೊನೆಯವರೆಗೆ. ಏಳರ ಸರದಿಯಲ್ಲೂ 3816547 ಸರಿಯಾಗಿ 7 × 545221.

ಒಂಬತ್ತು ಅಂಕಿಗಳನ್ನು 3,62,880 ರೀತಿಯಲ್ಲಿ ಜೋಡಿಸಬಹುದು. ಅಷ್ಟನ್ನೂ ಪರೀಕ್ಷೆ ಮಾಡಬೇಕಾಗಿಲ್ಲ. ಐದನೇ ಜಾಗದಲ್ಲಿ 5 ಬಿಟ್ಟು ಬೇರೆ ದಾರಿಯಿಲ್ಲ, ಸೊನ್ನೆ ನಮ್ಮ ಹತ್ತಿರ ಇಲ್ವಲ್ಲ! 2, 4, 6, 8ನೇ ಜಾಗಗಳಿಗೆ ಸಮ ಅಂಕಿಯೇ ಬೇಕು. ಇರುವ ನಾಲ್ಕು ಸಮ ಅಂಕಿಗಳೂ ಅಲ್ಲಿಗೇ ಮುಗಿದವು. ಉಳಿದ ಜಾಗಗಳೆಲ್ಲ ಬೆಸ.

ಈಗ ನಾಲ್ಕನೇ ಅಂಕಿ. ಅದರ ಹಿಂದಿನದು ಬೆಸ. 12, 16, 32, 36, 52... ಬೆಸ ಅಂಕಿಯಿಂದ ಶುರುವಾಗಿ ನಾಲ್ಕರಿಂದ ಭಾಗ ಹೋಗುವವು 2 ಅಥವಾ 6ರಲ್ಲೇ ಮುಗಿಯುತ್ತವೆ. ಎಂಟನೇ ಜಾಗಕ್ಕೂ ಇದೇ ಲೆಕ್ಕ. ಹಾಗಾಗಿ 4 ಮತ್ತು 8 ಎರಡನೇ, ಆರನೇ ಜಾಗಕ್ಕೆ ಹೋಗಬೇಕು.

ಮೊದಲ ಮೂರು ಅಂಕಿಗಳ ಮೊತ್ತ ಮೂರರಿಂದ ಭಾಗ ಹೋಗಬೇಕು, ಮೊದಲ ಆರರದ್ದೂ ಹೋಗಬೇಕು. ಅಂದರೆ ನಡುವಿನ ಮೂರರದ್ದೂ ಹೋಗಲೇಬೇಕು, ಅಲ್ವಾ? 254 ಆಗಲ್ಲ, 658 ಆಗಲ್ಲ. ಉಳಿದದ್ದು 258 ಅಥವಾ 654. ಅಲ್ಲಿಗೆ ಸಮ ಅಂಕಿಗಳೆಲ್ಲ ಕೂತಂತೆ. ಬೆಸ ಅಂಕಿಗಳಿಗೆ ಮೂರರ ಮತ್ತು ಎಂಟರ ನಿಯಮ ಹಚ್ಚಿದರೆ ಬರೀ ಹತ್ತು ಸಂಖ್ಯೆಗಳು ಉಳಿಯುತ್ತವೆ. ಒಂಬತ್ತರ ಚಿಂತೆ ಬೇಡ: ಒಂದರಿಂದ ಒಂಬತ್ತರ ಮೊತ್ತ 45, ಹೇಗೆ ಜೋಡಿಸಿದರೂ ಭಾಗ ಹೋಗುತ್ತದೆ.

ಇನ್ನು ಏಳು. ಇದಕ್ಕೆ ಸುಲಭದ ಉಪಾಯವಿಲ್ಲ, ಸುಮ್ನೆ ಕೂತು ಹತ್ತನ್ನೂ ಭಾಗಿಸಬೇಕು. ನೋಡೋಕೆ ಚೆಂದವಾಗಿರುವ 9876543 ಕೂಡ ಇಲ್ಲಿ ಸೋಲುತ್ತದೆ, ಶೇಷ 5. ಗೆಲ್ಲುವುದು 3816547 ಮಾತ್ರ.

ಕೊನೆಗೊಂದು ಸೊನ್ನೆ ಸೇರಿಸಿ: 3816547290 ಹತ್ತರಿಂದಲೂ ಭಾಗ ಹೋಗುತ್ತದೆ. ಒಂದೇ ಅಂಕಿ ಮತ್ತೆ ಬರಬಾರದು ಅನ್ನೋ ಷರತ್ತು ಬಿಟ್ಟರೆ ಇನ್ನೂ ಉದ್ದ ಹೋಗಬಹುದು. ಆದರೆ ಹತ್ತು ದಾಟಿದ ಮೇಲೆ ಕಷ್ಟ ಜಾಸ್ತಿ. ಇಪ್ಪತ್ತನೇ ಜಾಗಕ್ಕೆ ಬಂದಾಗ ಸರಿಹೊಂದುವ ಅಂಕಿ ಸಿಗುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. 24 ಅಂಕಿಯವು ಮೂರೇ ಇವೆ. 25 ಅಂಕಿಯದ್ದು ಒಂದೇ: 3608528850368400786036725. ಇದರ ಮುಂದೆ 0ಯಿಂದ 9ರವರೆಗೆ ಯಾವುದನ್ನು ಬರೆದರೂ 26ರಿಂದ ಭಾಗ ಹೋಗಲ್ಲ.